ನಾಳೆ ಡಬ್ಬಿಗೆ ಏನು? ಟಿವಿಯ ಅಡುಗೆ ಕಾರ್ಯಕ್ರಮಗಳಲ್ಲಿ ಗಂಡು, ಹೆಣ್ಣು

(ಮೆಲ್ಬರ್ನಿನಲ್ಲಿ ನಡೆದ ನಮ್ಮ ವಾರ್ಷಿಕ ಸಮ್ಮೇಳನದ ಆಶಯ ಭಾಷಣದ ಬರಹರೂಪ)

ಸಮ್ಮೇಳನದ ಅಧ್ಯಕ್ಷರೇ, ಸಂಘದ ಪದಾಧಿಕಾರಿಗಳೇ, ಬೇರೆ ಬೇರೆ ಊರುಗಳಿಂದ ಬಂದಿರುವ ಕನ್ನಡ ಬಂಧುಗಳೇ, ಮತ್ತು ಈ ಹೊತ್ತಿನಲ್ಲಿ ಸಭಾಂಗಣದ ಹಿಂದಿನ ಅಡುಗೆಮನೆಯಲ್ಲಿ ಕೋಸಂಬರಿ ಕಲಸುತ್ತಿರುವುದರಿಂದ ನನ್ನ ಮಾತು ಕೇಳಿಸದೇ ಇರುವವರೇ, ಎಲ್ಲರಿಗೂ ನನ್ನ ನಮಸ್ಕಾರಗಳು.

ಆಶಯ ಭಾಷಣ ಮಾಡಬೇಕೆಂದು ಸಂಘದವರು ಫೋನ್ ಮಾಡಿದಾಗ ವಿಷಯ ಏನು ಎಂದು ಕೇಳಿದರು. "ಟಿವಿಯಲ್ಲಿ ಬರುವ ಅಡುಗೆ ಕಾರ್ಯಕ್ರಮಗಳು" ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಸರ್, ಭಾಷೆ, ಸಂಸ್ಕೃತಿ, ಮುಂದಿನ ಪೀಳಿಗೆ, ಹೀಗೆ ಏನಾದರೂ..." ಎಂದು ಮೆಲ್ಲಗೆ ಹೇಳಿದರು. ನಾನು ಮಾತಾಡುವುದು ಮುಂದಿನ ಪೀಳಿಗೆಯ ಬಗ್ಗೆಯೇ ಎಂದು ಒಪ್ಪಿಸಿ ಇಲ್ಲಿಗೆ ಬಂದಿದ್ದೇನೆ. ಹೌದೋ ಅಲ್ಲವೋ ಎಂದು ಕೊನೆಗೆ ನೀವೇ ಹೇಳಿ.

ಮೊದಲು ಒಂದು ತಪ್ಪೊಪ್ಪಿಗೆ. ಎರಡು ವರ್ಷದ ಹಿಂದೆ ನಮ್ಮ ದೀಪಾವಳಿ ಕಾರ್ಯಕ್ರಮದಲ್ಲಿ "ನಳಪಾಕ" ಎಂಬ ಸ್ಪರ್ಧೆ ಇತ್ತು. ಗಂಡಸರಿಗೆ ಮಾತ್ರ. ನಾನು ಬದನೆಕಾಯಿ ಎಣ್ಣೆಗಾಯಿ ಮಾಡಿ ಮೊದಲ ಬಹುಮಾನ ಗೆದ್ದೆ. ಬಹುಮಾನ ಒಂದು ನಾನ್‌ಸ್ಟಿಕ್ ಬಾಣಲೆ. ಚಪ್ಪಾಳೆಯೋ ಚಪ್ಪಾಳೆ. ಮಸಾಲೆ ಹುರಿದದ್ದು, ರುಬ್ಬಿದ್ದು, ತುಂಬಿದ್ದು ಎಲ್ಲ ನಾನೇ, ಅದರಲ್ಲಿ ಸುಳ್ಳಿಲ್ಲ. ಆದರೆ ಎಳೆ ಬದನೆಕಾಯಿ ನಮ್ಮ ಇಂಡಿಯನ್ ಅಂಗಡಿಗೆ ಯಾವ ದಿನ ಬರುತ್ತದೆ ಎಂದು ಗೊತ್ತಿದ್ದದ್ದು ನನ್ನ ಹೆಂಡತಿಗೆ. ಮನೆಯಲ್ಲಿ ಹುಚ್ಚೆಳ್ಳು ಮುಗಿದಿದೆ ಎಂದು ನೆನಪಿಟ್ಟದ್ದು ಅವಳು. ನಾನು ಹುರಿದು, ರುಬ್ಬಿ, ಚೆಲ್ಲಿ ಹೋದ ಮೇಲೆ ಕಟ್ಟೆ ಒರೆಸಿದ್ದೂ ಅವಳು. ಭಾನುವಾರ ರಾತ್ರಿ ಕಾರಿನಲ್ಲಿ ಮನೆಗೆ ಹೋಗುವಾಗ ಬಾಣಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವಳು ಗಾಡಿ ಓಡಿಸುತ್ತಾ ಕೇಳಿದಳು, "ಅಲ್ಲಾ ರೀ, ನಾಳೆ ಮಕ್ಕಳ ಡಬ್ಬಿಗೆ ಏನ್ ಮಾಡೋದು?" ನಾನು ಅಂದೆ, "ಏನಾದ್ರೂ ಮಾಡು."

ಈ ಎರಡು ಮಾತುಗಳ ನಡುವೆ ಇರುವ ದೂರವೇ ನನ್ನ ಇವತ್ತಿನ ವಿಷಯ.

ಟಿವಿ ಬರುವ ಮುಂಚೆಯೂ ಈ ದೂರ ಇತ್ತು. ನಮ್ಮಲ್ಲಿ ಒಳ್ಳೆಯ ಅಡುಗೆಗೆ ನಳಪಾಕ ಅನ್ನುತ್ತೇವೆ, ಭೀಮಪಾಕ ಅನ್ನುತ್ತೇವೆ. ಎರಡೂ ಗಂಡಸರ ಹೆಸರು. ವಿರಾಟನ ಅರಮನೆಯಲ್ಲಿ ಭೀಮ ವಲಲನೆಂಬ ಹೆಸರಿನಲ್ಲಿ ಬಾಣಸಿಗನಾಗಿದ್ದ. ಕನ್ನಡದಲ್ಲಿ ಅಡುಗೆಯ ಮೇಲೆ 'ಸೂಪಶಾಸ್ತ್ರ' ಬರೆದ ಮೂರನೆಯ ಮಂಗರಸನೂ ಗಂಡಸೇ. ದ್ರೌಪದಿಯ ಪಾಲಿಗೆ ಬಂದದ್ದು ಅಕ್ಷಯಪಾತ್ರೆ. ಅದರ ನಿಯಮ ನೆನಪಿದೆಯಲ್ಲ? ಅವಳು ಉಣ್ಣುವ ತನಕ ಪಾತ್ರೆ ಬರಿದಾಗುವುದಿಲ್ಲ. ಅಂದರೆ ಎಲ್ಲರದೂ ಆದ ಮೇಲೆ, ಕೊನೆಗೆ ಅವಳ ಊಟ. ಕಥೆಯಲ್ಲಿ ಅದು ದೇವರು ಕೊಟ್ಟ ವರ. ನಮ್ಮ ಎಷ್ಟೋ ಮನೆಗಳಲ್ಲಿ ಅದು ದಿನದ ರೂಢಿ.

ತೀರ್ಥಹಳ್ಳಿ ಕಡೆಯವನು ನಾನು. ನಮ್ಮ ದೊಡ್ಡಪ್ಪ ಮದುವೆ ಮನೆಗಳ ಅಡುಗೆಯವರು. ಐನೂರು ಜನರ ಹುಳಿಗೆ ಉಪ್ಪನ್ನು ಕಣ್ಣಳತೆಯಲ್ಲೇ ಹಾಕುತ್ತಿದ್ದರು, ತಪ್ಪಿದ್ದು ನಾನಂತೂ ನೋಡಿಲ್ಲ. ಸುತ್ತ ಹತ್ತೂರಲ್ಲಿ ಹೆಸರಿತ್ತು, ಸಂಭಾವನೆ ಇತ್ತು, ಶಾಲು ಹೊದಿಸುತ್ತಿದ್ದರು. ಅದೇ ದೊಡ್ಡಪ್ಪ ಮನೆಗೆ ಬಂದು ಜಗಲಿಯಲ್ಲಿ ಕೂತರೆ ಒಂದು ಲೋಟ ಕಾಫಿಯನ್ನು ತಾವೇ ಮಾಡಿಕೊಂಡು ಕುಡಿದದ್ದನ್ನು ಯಾರೂ ಕಂಡಿಲ್ಲ. ಮನೆಯ ಒಲೆ ದೊಡ್ಡಮ್ಮನದು. ಅದಕ್ಕೆ ಶಾಲೂ ಇಲ್ಲ, ಸಂಭಾವನೆಯೂ ಇಲ್ಲ, ರಜೆಯಂತೂ ಇಲ್ಲವೇ ಇಲ್ಲ.

ಇನ್ನೊಂದು ನೆನಪು. ನಮ್ಮದು ಮಡಿ ಮೈಲಿಗೆಯ ಮನೆ. ತಿಂಗಳಿಗೆ ಮೂರು ದಿನ ಅಮ್ಮ ಹೊರಗೆ ಕೂರುತ್ತಿದ್ದಳು, ಆ ಮೂರು ದಿನ ಅಪ್ಪನ ಅಡುಗೆ. ಅಮ್ಮ ಹಿತ್ತಿಲ ಬಾಗಿಲಾಚೆ ಕೂತು, "ಬೇಳೆ ಬೆಂತಾ ನೋಡಿ. ಹುಣಸೆಹಣ್ಣು ಈಗಲೇ ಹಾಕಬೇಡಿ" ಎಂದು ಹೇಳುತ್ತಿದ್ದಳು. ಅಪ್ಪ ಒಳಗಿಂದ "ಗೊತ್ತು, ಗೊತ್ತು" ಅನ್ನುತ್ತಾ ಅವಳು ಹೇಳಿದಂತೆಯೇ ಮಾಡುತ್ತಿದ್ದರು. ಬಂದ ನೆಂಟರು "ನಿಮ್ಮ ಕೈರುಚಿಯೇ ರುಚಿ" ಎಂದು ಅಪ್ಪನನ್ನು ಹೊಗಳುತ್ತಿದ್ದರು. ಗಂಡಸಿಗೆ ಅಡುಗೆ ಬರುವುದಿಲ್ಲ ಎಂಬುದು ನಮ್ಮಲ್ಲಿ ಎಂದೂ ನಿಜವಾಗಿರಲಿಲ್ಲ ಎಂದು ಹೇಳಲು ಇದನ್ನು ನೆನೆದೆ. ಮಠದ ಅಡುಗೆ ಗಂಡಸರದು, ಉಡುಪಿ ಹೋಟೆಲಿನ ಅಡುಗೆ ಗಂಡಸರದು. ಹೆಸರು, ಹಣ ಅಥವಾ ಪುಣ್ಯ ಬರುವ ಅಡುಗೆ ಗಂಡಸರದು. ದಿನಾ ಬಂದು ದಿನಾ ಮುಗಿದುಹೋಗುವ ಅಡುಗೆ ಹೆಂಗಸರದು. ಟಿವಿ ಬಂದಾಗ ಈ ಗೆರೆ ಆಗಲೇ ಎಳೆದಾಗಿತ್ತು.

ಈಗ ಟಿವಿಗೆ ಬರೋಣ. 1963ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜೂಲಿಯಾ ಚೈಲ್ಡ್ ಎಂಬ ಹೆಣ್ಣುಮಗಳು 'ದಿ ಫ್ರೆಂಚ್ ಶೆಫ್' ಎಂಬ ಕಾರ್ಯಕ್ರಮ ಶುರುಮಾಡಿದರು. ಆರಡಿ ಮೀರಿದ ಎತ್ತರ, ವಿಚಿತ್ರ ದನಿ. ಅಡುಗೆ ಎಡವಟ್ಟಾದರೆ ಮುಚ್ಚಿಡದೆ ನಕ್ಕು ಮುಂದೆ ಹೋಗುವ ಸ್ವಭಾವ. ಅವರು ಯಾವ ಹೋಟೆಲಿನ ಶೆಫ್ಪೂ ಆಗಿರಲಿಲ್ಲ, ಮನೆಯಲ್ಲಿ ಅಡುಗೆ ಮಾಡುವವರಿಗೆ ಕಲಿಸಲು ಬಂದವರು. ನನಗೆ ಇಷ್ಟವಾದ ಸಂಗತಿ ಇನ್ನೊಂದಿದೆ. ಆರಂಭದ ದಿನಗಳಲ್ಲಿ ತೆರೆಯ ಹಿಂದೆ ತರಕಾರಿ ಹೆಚ್ಚಿ, ಪಾತ್ರೆ ತೊಳೆದವರಲ್ಲಿ ಅವರ ಗಂಡ ಪಾಲ್ ಚೈಲ್ಡ್ ಕೂಡ ಇದ್ದರು.

ಅದೇ ದಶಕದ ಕೊನೆಗೆ ಗ್ರಹಾಂ ಕೆರ್ ಎಂಬಾತ 'ದಿ ಗ್ಯಾಲಪಿಂಗ್ ಗೋರ್ಮೆ' ಎಂಬ ಕಾರ್ಯಕ್ರಮದಿಂದ ಜಗತ್ಪ್ರಸಿದ್ಧನಾದ. ಅದಕ್ಕೆ ಮುಂಚೆ ನ್ಯೂಜಿಲೆಂಡಿನಲ್ಲೂ ನಮ್ಮ ಈ ಆಸ್ಟ್ರೇಲಿಯದಲ್ಲೂ ಟಿವಿಯಲ್ಲಿ ಅಡುಗೆ ಮಾಡಿದ್ದವನು. ಕೈಯಲ್ಲಿ ವೈನ್ ಗ್ಲಾಸು, ಕುರ್ಚಿಯನ್ನು ಹಾರಿ ವೇದಿಕೆಗೆ ಬರುವ ಗತ್ತು, ಕೊನೆಗೆ ಪ್ರೇಕ್ಷಕರಲ್ಲಿ ಒಬ್ಬರನ್ನು ಕರೆದು ಜೊತೆಗೆ ಕೂರಿಸಿಕೊಂಡು ಊಟ. ಆ ಕಾರ್ಯಕ್ರಮದ ನಿರ್ಮಾಪಕಿ ಅವನ ಹೆಂಡತಿ ಟ್ರೀನಾ. ಅಡುಗೆ ಒಂದು ಮೋಜು, ಗಂಡಸು ಅದನ್ನು ಮೋಜಿಗಾಗಿ ಮಾಡಬಹುದು ಎಂದು ಜಗತ್ತಿಗೆ ತೋರಿಸಿದವನು ಅವನು. ಅವಳು ಕಲಿಸಲು ಬಂದಳು, ಅವನು ರಂಜಿಸಲು ಬಂದ. ತೆರೆಯ ಮೇಲೆ ಯಾರೇ ಇರಲಿ, ತೆರೆಯ ಹಿಂದೆ ಇನ್ನೊಬ್ಬರು ಇದ್ದೇ ಇದ್ದರು.

ಭಾರತಕ್ಕೆ ಬಂದರೆ ತರಲಾ ದಲಾಲ್ 1966ರಲ್ಲಿ ಮುಂಬೈಯ ತಮ್ಮ ಮನೆಯಲ್ಲಿ ಅಡುಗೆ ತರಗತಿ ಶುರುಮಾಡಿದವರು. 1974ರಲ್ಲಿ ಅವರ ಮೊದಲ ಪುಸ್ತಕ ಬಂತು. ನಮ್ಮಲ್ಲಿ ಹಲವರ ಮನೆಯಲ್ಲಿ ಎಣ್ಣೆ ಕಲೆಯ ಅವರ ಪುಸ್ತಕ ಒಂದಾದರೂ ಇರಬಹುದು. ಮುಂದೆ ಅವರೂ ಟಿವಿಗೆ ಬಂದರು. ಆದರೆ ಭಾರತದ ಟಿವಿ ಅಡುಗೆಗೆ ಮುಖ ಕೊಟ್ಟದ್ದು 1993ರಲ್ಲಿ ಜೀ ಟಿವಿಯ 'ಖಾನಾ ಖಜಾನಾ', ಅಂದರೆ ಹೋಟೆಲಿನಿಂದ ಬಂದ ಸಂಜೀವ್ ಕಪೂರ್. ಇಬ್ಬರಿಗೂ ಪದ್ಮಶ್ರೀ ಸಂದಿದೆ, ಅವರಿಗೆ 2007ರಲ್ಲಿ, ಇವರಿಗೆ 2017ರಲ್ಲಿ. ಸಾಧನೆಯಲ್ಲಿ ಯಾರೂ ಕಡಿಮೆಯಲ್ಲ. ಆದರೂ ನಮ್ಮ ಬಾಯಲ್ಲಿ ಒಬ್ಬರು "ಅಡುಗೆ ಹೇಳಿಕೊಡುವ ಆಂಟಿ", ಇನ್ನೊಬ್ಬರು "ಶೆಫ್". ಕನ್ನಡದಲ್ಲಿ ಸಿಹಿಕಹಿ ಚಂದ್ರು ಅವರ 'ಬೊಂಬಾಟ್ ಭೋಜನ', ಮುರಳಿಯವರ 'ಒಗ್ಗರಣೆ ಡಬ್ಬಿ' ನಮಗೆಲ್ಲ ಪ್ರೀತಿಯವು. ಇಲ್ಲಿ ಕೂತು ನೋಡಿದರೆ ಊರಿಗೇ ಹೋದ ಹಾಗಾಗುತ್ತದೆ. ನಾನು ಅವರ ಮೇಲೆ ದೂರು ಹೇಳಲು ಬಂದಿಲ್ಲ. ಅಡುಗೆ ಗಂಡಸಿನ ಮರ್ಯಾದೆಗೆ ಕಡಿಮೆಯಲ್ಲ ಎಂದು ಮನೆಮನೆಗೆ ತಿಳಿಸಿದವರು ಇಂಥವರೇ. ನಮ್ಮ ಅಣ್ಣಂದಿರು ನಾಚಿಕೆ ಬಿಟ್ಟು ಸೌಟು ಹಿಡಿದದ್ದು ಇದನ್ನೆಲ್ಲ ನೋಡಿಯೇ.

ಈಗ ನಾವು ವರ್ಷ ವರ್ಷ ಮಕ್ಕಳ ಜೊತೆ ಕೂತು ನೋಡುವ 'ಮಾಸ್ಟರ್‌ಶೆಫ್ ಆಸ್ಟ್ರೇಲಿಯ'. 2009ರಲ್ಲಿ ಶುರುವಾಯಿತು. ಮೊದಲ ವರ್ಷ ಫೈನಲ್‌ನಲ್ಲಿ ನಿಂತವರು ಇಬ್ಬರೂ ಹೆಂಗಸರು, ಜೂಲಿ ಗುಡ್ವಿನ್ ಮತ್ತು ಪೋ ಲಿಂಗ್ ಯೋ. ಗೆದ್ದ ಜೂಲಿ ಮೂರು ಮಕ್ಕಳ ತಾಯಿ. 2009ರಿಂದ 2019ರವರೆಗಿನ 11 ಸರಣಿಗಳ ಲೆಕ್ಕ ಹಾಕಿದೆ. ಗೆದ್ದವರಲ್ಲಿ 7 ಮಂದಿ ಹೆಂಗಸರು, 4 ಮಂದಿ ಗಂಡಸರು. ಆ 11 ಸರಣಿಗಳಲ್ಲೂ ಮುಖ್ಯ ತೀರ್ಪುಗಾರರು ಗ್ಯಾರಿ ಮೆಹಿಗನ್, ಜಾರ್ಜ್ ಕ್ಯಾಲಂಬಾರಿಸ್, ಮ್ಯಾಟ್ ಪ್ರೆಸ್ಟನ್. ಮೂವರೂ ಗಂಡಸರು. ಅಡುಗೆ ಮಾಡಿ ಗೆದ್ದವರಲ್ಲಿ ಹೆಚ್ಚಿನವರು ಹೆಂಗಸರು. ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಸರಿಯಿದೆಯೋ ಇಲ್ಲವೋ ಎಂದು ಹೇಳುವವರು ಮಾತ್ರ ಗಂಡಸರು. ಹೆಂಗಸು ಬಡಿಸುತ್ತಾಳೆ, ಗಂಡಸು ರುಚಿ ನೋಡಿ ಹೇಳುತ್ತಾನೆ. ಈ ದೃಶ್ಯ ನಮಗೆ ಹೊಸದೇ? ನಮ್ಮ ಮನೆಯ ಊಟದ ಕೋಣೆಯಲ್ಲಿ ಎಷ್ಟು ಸಲ ನೋಡಿಲ್ಲ!

2013ರ ಸರಣಿಯನ್ನು ಹುಡುಗರು ವಿರುದ್ಧ ಹುಡುಗಿಯರು ಎಂದೇ ಪ್ರಚಾರ ಮಾಡಿದರು. ಜಾಹೀರಾತಿನಲ್ಲಿ ಅವರಿಗೆ ನೀಲಿ, ಇವರಿಗೆ ಗುಲಾಬಿ. ಇದೆಂಥ ಹಳೆಯ ಕಾಲದ ಯೋಚನೆ ಎಂದು ಆಗ ಇಲ್ಲಿ ಬಹಳ ಟೀಕೆ ಬಂತು. ಆ ವರ್ಷ ಗೆದ್ದದ್ದು ಎಮ್ಮಾ ಡೀನ್. 2020ರಲ್ಲಿ ಮೆಲಿಸ್ಸಾ ಲಿಯಾಂಗ್ ತೀರ್ಪುಗಾರರ ಸಾಲಿಗೆ ಬಂದರು. ಮೊದಲ ವರ್ಷ ಫೈನಲ್‌ನಲ್ಲಿ ಸೋತಿದ್ದ ಪೋ 2024ರಲ್ಲಿ ಅದೇ ಸಾಲಿನಲ್ಲಿ ನಿಂತರು. ಭಾರತದ ಕಥೆಯೂ ಹೀಗೆಯೇ. 2010ರ ಮೊದಲ ಸರಣಿಯಲ್ಲಿ ಅಕ್ಷಯ್ ಕುಮಾರ್, ಜೊತೆಗೆ ಇಬ್ಬರು ಗಂಡಸು ಶೆಫ್‌ಗಳು. ಗೆದ್ದದ್ದು ಶಾಲೆಯ ಕೆಲಸ ಬಿಟ್ಟು ಬಂದಿದ್ದ ಲಖನೌದ ಟೀಚರ್ ಪಂಕಜ್ ಭದೌರಿಯಾ. ಮಿಶೆಲಿನ್ ಸ್ಟಾರ್ ಪಡೆದ ಮೊದಲ ಭಾರತೀಯ ಮಹಿಳೆ ಗರಿಮಾ ಅರೋರಾ ಆ ವೇದಿಕೆಯಲ್ಲಿ ತೀರ್ಪುಗಾರ್ತಿಯಾಗಿ ಕೂತದ್ದು 2023ರಲ್ಲಿ. ಬದಲಾವಣೆ ಆಗಿದೆ, ಇಲ್ಲ ಅನ್ನಬಾರದು. ನಿಧಾನವಾಗಿ ಆಗಿದೆ, ಕೇಳಿದ ಮೇಲೆ ಆಗಿದೆ.

ತೀರ್ಪುಗಾರರ ಕುರ್ಚಿಯಲ್ಲಿ ಹೆಂಗಸು ಕೂತರೆ ಮುಗಿಯಿತೇ? ನಾನೂ ಹಾಗೆಂದೇ ತಿಳಿದಿದ್ದೆ. ಆಮೇಲೆ ಹೋದ ವರ್ಷದ ಜುಲೈ ಬಂತು.

ಮಳೆಯಲ್ಲಿ ನೆನೆದಿದ್ದ ಹಿತ್ತಿಲ ಮೆಟ್ಟಿಲಲ್ಲಿ ನನ್ನ ಹೆಂಡತಿ ಜಾರಿಬಿದ್ದಳು. ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. ನನಗೆ ನೋವಾಯಿತು, ನಿಜ. ಜೊತೆಗೆ, ಹೇಳಲು ನಾಚಿಕೆಯಾಗುತ್ತದೆ, ಒಳಗೊಳಗೆ ಒಂದು ಉತ್ಸಾಹವೂ ಆಯಿತು. ನಳಪಾಕದ ಚಾಂಪಿಯನ್ ಅಲ್ಲವೇ ನಾನು! ಸೋಮವಾರ ಎಂಟು ಪುಟ್ಟ ಬಟ್ಟಲುಗಳಲ್ಲಿ ಎಲ್ಲವನ್ನೂ ಹೆಚ್ಚಿಟ್ಟುಕೊಂಡು, ಥೇಟ್ ಟಿವಿಯಲ್ಲಿ ತೋರಿಸುವ ಹಾಗೆ ಪಲಾವ್ ಮಾಡಿದೆ. ಮಕ್ಕಳು ಹೊಗಳಿದರು. ಮಂಗಳವಾರ ಬೆಳಿಗ್ಗೆ ನೋಡಿದರೆ ಆ ಎಂಟು ಬಟ್ಟಲೂ ಸಿಂಕಿನಲ್ಲಿ ಹಾಗೆಯೇ ಕೂತಿವೆ. ಬುಧವಾರ ಮಗ ಇಡ್ಲಿ ಕೇಳಿದ. ಇಡ್ಲಿ ಬುಧವಾರ ಬೇಕಾದರೆ ಉದ್ದು ಸೋಮವಾರವೇ ನೆನೆದಿರಬೇಕು ಎಂಬುದು ನನಗೆ ಬುಧವಾರ ಹೊಳೆಯಿತು. ಮೆಲ್ಬರ್ನಿನ ಚಳಿಯಲ್ಲಿ ಹಿಟ್ಟು ಉಬ್ಬಬೇಕಾದರೆ ಓವನ್ನಿನ ದೀಪ ಹಾಕಿ ರಾತ್ರಿಯಿಡೀ ಒಳಗಿಡಬೇಕು ಎಂಬುದೂ ಗೊತ್ತಿರಲಿಲ್ಲ. ಮಗಳಿಗೆ ಡಬ್ಬಿಯಲ್ಲಿ ಹುಳಿಯನ್ನ ಹಾಕಿದರೆ ಹಾಗೇ ವಾಪಸ್ ಬರುತ್ತದೆ, ಚಿತ್ರಾನ್ನವಾದರೆ ಖಾಲಿಯಾಗುತ್ತದೆ ಎಂಬ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಅದು ಅವಳ ತಲೆಯಲ್ಲಿತ್ತು. ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹೇಳುತ್ತಾ ಹೋದಳು, ನಾನು "ಗೊತ್ತು, ಗೊತ್ತು" ಅನ್ನುತ್ತಾ ಹೋದೆ. ಒಂದು ದಿನ ಒಗ್ಗರಣೆ ಹಾಕುತ್ತಿದ್ದವನಿಗೆ ನನ್ನ ದನಿಯೇ ಅಪ್ಪನ ದನಿಯಂತೆ ಕೇಳಿಸಿತು. ನಲವತ್ತು ವರ್ಷ, ಸಮುದ್ರದಾಚೆಯ ದೇಶ, ಇಂಡಕ್ಷನ್ ಒಲೆ. ಮಿಕ್ಕಿದ್ದೆಲ್ಲ ತೀರ್ಥಹಳ್ಳಿಯದೇ.

ನನಗೆ ಆಗ ತಿಳಿದದ್ದು ಇಷ್ಟು. ಟಿವಿ ನನ್ನನ್ನು ಒಲೆಯ ಮುಂದೆ ತಂದು ನಿಲ್ಲಿಸಿತ್ತು. ಅಡುಗೆಮನೆಯ ಒಳಕ್ಕೆ ತಂದಿರಲಿಲ್ಲ. ಒಲೆಯ ಮುಂದಿನ ಕೆಲಸಕ್ಕೆ ಒಂದು ಮೊದಲಿದೆ, ಒಂದು ಕೊನೆಯಿದೆ, ಚಪ್ಪಾಳೆಯೂ ಇದೆ. ಅಡುಗೆಮನೆಯ ಕೆಲಸಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಇವತ್ತಿನ ಅಡುಗೆ ನಿನ್ನೆಯೇ ಶುರುವಾಗಿರುತ್ತದೆ, ನಾಳೆ ಪಾತ್ರೆ ತೊಳೆದ ಮೇಲೂ ಮುಗಿದಿರುವುದಿಲ್ಲ.

ಟಿವಿ ಕಾರ್ಯಕ್ರಮವನ್ನು ಈ ಕಣ್ಣಿನಿಂದ ಒಮ್ಮೆ ನೋಡಿ. ಸಾಮಾನು ಅಳತೆ ಮಾಡಿಟ್ಟಿರುತ್ತದೆ. ಈರುಳ್ಳಿ ಹೆಚ್ಚಿರುತ್ತದೆ. ಬೇಳೆ ಬೆಂದಿರುತ್ತದೆ. "ಮೊದಲೇ ನೆನೆಸಿಟ್ಟುಕೊಂಡಿರುವ" ಅನ್ನುತ್ತಾರಲ್ಲ, ನೆನೆಸಿಟ್ಟವರು ಯಾರು? ಕಾರ್ಯಕ್ರಮ ಮುಗಿದ ಮೇಲೆ ಜಿಡ್ಡು ಹಿಡಿದ ಬಾಣಲೆ ಎಲ್ಲಿಗೆ ಹೋಗುತ್ತದೆ? ಉಳಿದ ಸಾರನ್ನು ಯಾವ ಡಬ್ಬಿಗೆ ಹಾಕುತ್ತಾರೆ? ಕತ್ತರಿಸಿ ತೆಗೆದ ಆ ಭಾಗದಲ್ಲೇ ಹೆಣ್ಣುಮಕ್ಕಳ ದಿನ ಇದೆ. 2019ರಲ್ಲಿ ಭಾರತ ಸರ್ಕಾರ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತು. 6 ವರ್ಷ ಮೇಲ್ಪಟ್ಟವರಲ್ಲಿ ಒಂದು ದಿನದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ನೂರಕ್ಕೆ 81, ಗಂಡಸರು ನೂರಕ್ಕೆ 26. ಮಾಡಿದವರಲ್ಲೂ ಹೆಂಗಸರು ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. 299 ನಿಮಿಷ ಅಂದರೆ ಐದು ಗಂಟೆಗೆ ಒಂದೇ ನಿಮಿಷ ಕಡಿಮೆ. ಅರ್ಧ ಗಂಟೆಯ ಕಾರ್ಯಕ್ರಮವಾದರೆ ದಿನಕ್ಕೆ ಹತ್ತು ಕಂತು. ಸ್ಪಾನ್ಸರ್ ಯಾರೂ ಇಲ್ಲ.

2021ರಲ್ಲಿ ಜಿಯೋ ಬೇಬಿ ನಿರ್ದೇಶನದ 'ದಿ ಗ್ರೇಟ್ ಇಂಡಿಯನ್ ಕಿಚನ್' ಎಂಬ ಮಲಯಾಳಂ ಸಿನಿಮಾ ಬಂತು. ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಮೊದಮೊದಲು ಅಡುಗೆ ಕಾರ್ಯಕ್ರಮದಷ್ಟೇ ಚಂದವಾಗಿ ಹುರಿಯುವುದು, ಬಾಡಿಸುವುದು ಕಾಣುತ್ತದೆ. ಕ್ಯಾಮೆರಾ ಅಲ್ಲಿಗೇ ನಿಲ್ಲುವುದಿಲ್ಲ. ಎಂಜಲು ಮೇಜನ್ನೂ, ಸೋರುವ ಸಿಂಕನ್ನೂ ತೋರಿಸುತ್ತದೆ. ಟಿವಿ ಕಾರ್ಯಕ್ರಮ ಕತ್ತರಿಸಿ ಬಿಸಾಡಿದ್ದನ್ನು ಆ ಸಿನಿಮಾ ಹೆಕ್ಕಿ ಜೋಡಿಸಿದೆ.

ಅದೇ 2021ರಲ್ಲಿ, ಇಲ್ಲೇ ನಮ್ಮ ಮೆಲ್ಬರ್ನಿನಲ್ಲಿ, ಬಾಂಗ್ಲಾ ಮೂಲದ ಕಿಶ್ವರ್ ಚೌಧರಿ ಮಾಸ್ಟರ್‌ಶೆಫ್ ಫೈನಲ್‌ನಲ್ಲಿ ಪಾಂತಾ ಭಾತ್ ಬಡಿಸಿದರು. ಅನ್ನವನ್ನು ನೀರಿನಲ್ಲಿ ನೆನೆಹಾಕಿ ಇಡುವುದು. ನಮ್ಮ ತಂಗಳನ್ನ. ಜೊತೆಗೆ ಆಲೂಗಡ್ಡೆ ಭರ್ತಾ, ಮೀನು. ಅವರು ಗೆಲ್ಲಲಿಲ್ಲ, ಮೂರನೆಯವರಾದರು. ಆದರೆ ಆ ತಟ್ಟೆ ಕಂಡು ನಾನು ಎದ್ದು ಕೂತೆ. ತಂಗಳನ್ನ ಎಂದರೆ ಬಡವರ ಊಟ, ಮತ್ತು ಮನೆಯಲ್ಲಿ ಎಲ್ಲರ ಊಟ ಮುಗಿಸಿದ ಹೆಂಗಸು ಬೆಳಿಗ್ಗೆ ತಾನು ಉಣ್ಣುವ ಊಟ. ಪರದೆಯ ಮೇಲೆ ಎಂದೂ ಬಾರದ ಅಡುಗೆಮನೆ ಅವತ್ತು ಒಂದು ಬಟ್ಟಲಿನಲ್ಲಿ ಬಂದು ಕೂತಿತ್ತು.

ಮುಂದಿನ ಪೀಳಿಗೆ ಎಂದೆನಲ್ಲ, ಅಲ್ಲಿಗೆ ಬರುತ್ತೇನೆ. ನಮ್ಮ ಮಕ್ಕಳು ಕನ್ನಡವನ್ನು ಕನ್ನಡ ಶಾಲೆಯಲ್ಲಿ ವಾರಕ್ಕೆ ಎರಡು ಗಂಟೆ ಕಲಿಯುತ್ತಾರೆ. ಹದ, ಒಗ್ಗರಣೆ, ಚಿಟಿಕೆ, ಒಂದು ಕುದಿ, ಕೈಯಳತೆ, ಇವನ್ನೆಲ್ಲ ಅಡುಗೆಮನೆಯಲ್ಲಿ ಕಲಿಯುತ್ತಾರೆ. ಅಲ್ಲಿಯೇ ಇನ್ನೊಂದನ್ನೂ ಕಲಿಯುತ್ತಾರೆ: ಯಾರು ಕೂತಿರುತ್ತಾರೆ, ಯಾರು ನಿಂತಿರುತ್ತಾರೆ. ಮಗನಿಗೆ ಅಡುಗೆ ಬರುತ್ತದೆ ಎಂದು ನಾವೀಗ ಹೆಮ್ಮೆಯಿಂದ ಹೇಳುತ್ತೇವೆ, ಒಳ್ಳೆಯದೇ. ಆದರೆ ಮಗನಿಗೆ ಹುಟ್ಟುಹಬ್ಬದ ಕೇಕು, ಮಗಳಿಗೆ ಮೇಜು ಒರೆಸುವುದು ಎಂದು ಹಂಚಿದರೆ, ನಾವು ಹೊಸ ಪಾತ್ರೆಯಲ್ಲಿ ಹಳೆಯ ಸಾರನ್ನೇ ಕುದಿಸುತ್ತಿದ್ದೇವೆ.

ನನ್ನ ಬೇಡಿಕೆ ಮೂರು, ಮೂರೂ ಚಿಕ್ಕವು. ಒಂದು, ಮಕ್ಕಳ ಜೊತೆ ಅಡುಗೆ ಕಾರ್ಯಕ್ರಮ ನೋಡಿ, ಖಂಡಿತ ನೋಡಿ. ಮುಗಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ, "ಈಗ ಪಾತ್ರೆ ಯಾರು ತೊಳೀತಾರೆ?" ಎರಡು, ನಮ್ಮ ನಳಪಾಕ ಸ್ಪರ್ಧೆಯ ನಿಯಮ ಬದಲಾಗಲಿ. ಅರ್ಧ ಗಂಟೆ ಬೇಡ, ಒಂದು ವಾರ ಮಾಡಿ. ಸೋಮವಾರದಿಂದ ಭಾನುವಾರದವರೆಗೆ, ಪಟ್ಟಿ ಬರೆಯುವುದರಿಂದ ಹಿಡಿದು ಸಿಂಕ್ ತೊಳೆಯುವವರೆಗೆ. ತೀರ್ಪು ಮನೆಯವರದು. ಯಾರೂ ಹೆಸರು ಕೊಡದಿದ್ದರೆ ಆ ಬಾಣಲೆಯನ್ನು ನಾನು ವಾಪಸ್ ಕೊಡುತ್ತೇನೆ. ಮೂರು, ನಮ್ಮ ಕಾರ್ಯಕ್ರಮ ಪಟ್ಟಿಯಲ್ಲಿ ಭಾಷಣಕಾರರ ಹೆಸರಿದೆ, ಹಾಡುವವರ ಹೆಸರಿದೆ, ಹಾರ ಹಾಕುವವರ ಹೆಸರೂ ಇದೆ. ಮುಂದಿನ ವರ್ಷದಿಂದ ಅಡುಗೆ ಮಾಡಿದವರ ಹೆಸರೂ ಇರಲಿ.

ನಾನೇನೋ ಪೂರ್ತಿ ಬದಲಾಗಿಬಿಟ್ಟೆ ಎಂದು ಹೇಳುವ ಧೈರ್ಯ ಇಲ್ಲ, ನನ್ನ ಹೆಂಡತಿ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಅವಳ ಕೈ ವಾಸಿಯಾಗಿದೆ. ಮಂಗಳವಾರ ಮತ್ತು ಗುರುವಾರದ ಡಬ್ಬಿ ಮಾತ್ರ ಇವತ್ತಿಗೂ ನನ್ನದು. ಮಾಡುವುದಷ್ಟೇ ಅಲ್ಲ, ಏನು ಮಾಡಬೇಕೆಂದು ಹಿಂದಿನ ರಾತ್ರಿ ಯೋಚಿಸುವುದೂ ನನ್ನದೇ. ಆ ಯೋಚನೆ ಎಷ್ಟು ಭಾರ ಎಂದು ಗೊತ್ತಾದದ್ದು ಹೊತ್ತ ಮೇಲೆಯೇ. ಈ ನಡುವೆ ಒಂದು ಸೋಮವಾರ ರಾತ್ರಿ, "ನಾಳೆ ಡಬ್ಬಿಗೆ ಏನ್ ಮಾಡ್ಲಿ?" ಎಂದು ಅವಳನ್ನೇ ಕೇಳಿಬಿಟ್ಟೆ. ಪುಸ್ತಕದಿಂದ ತಲೆ ಎತ್ತದೆ ಹೇಳಿದಳು, "ಏನಾದ್ರೂ ಮಾಡಿ."

ಇನ್ನು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ, ಹುಳಿಯ ವಾಸನೆ ವೇದಿಕೆಯವರೆಗೂ ಬರುತ್ತಿದೆ. ಒಂದೇ ಪ್ರಕಟಣೆ ಬಾಕಿ ಇದೆ. ಊಟ ಆದ ಮೇಲೆ ದೊಡ್ಡ ಪಾತ್ರೆಗಳನ್ನು ತೊಳೆಯಲು ನಾಲ್ಕು ಜನ ಗಂಡಸರು ಬೇಕಂತೆ. ಒಂದು ಹೆಸರು ಬರೆಸಿ ಬಂದಿದ್ದೇನೆ, ನನ್ನದು. ಇನ್ನು ಮೂರು.